ಯಾವ ಕಲ್ಲು ಅಂತ ಕೇಳಿದ್ರಾ?

ಹಳೇ ಕಲ್ಲಿನ ನೆಲಗಳಿಗೆ ಈಗ ಶುಕ್ರದೆಸೆ ಕಣ್ರೀ. ಹತ್ತಿಪ್ಪತ್ತು ವರ್ಷದ ಹಿಂದೆ ಮನೆ ರಿಪೇರಿ ಅಂದರೆ ಮೊದಲ ಕೆಲಸವೇ ಕಲ್ಲು ಕಿತ್ತು ಟೈಲ್ಸ್ ಹಾಕಿಸೋದು. ಕಿತ್ತ ಕಲ್ಲಿನಲ್ಲಿ ಎರಡು ಬಟ್ಟೆ ಒಗೆಯೋ ಜಾಗಕ್ಕೆ, ಒಂದು ಸಂಪಿನ ಬಾಯಿಗೆ, ಉಳಿದದ್ದು ತೆಂಗಿನ ಮರದ ಬುಡಕ್ಕೆ. ಈಗ ನೋಡಿ, ಅದೇ ಕಲ್ಲು ದೊಡ್ಡ ದೊಡ್ಡ ಕಾಫಿ ಅಂಗಡಿಗಳ ನೆಲದಲ್ಲಿ ಮಿರಮಿರ ಮಿಂಚುತ್ತಾ ಮಲಗಿದೆ. ಅದರ ಫೋಟೋ ತೆಗೆಯೋದಕ್ಕೇ ಜನ ಬರ್ತಾರಂತೆ. ಕಾಲ ಬಂದರೆ ಕಲ್ಲಿಗೂ ಮರ್ಯಾದೆ, ಅಲ್ವಾ?

ಈ ಗಾಳಿ ನಮ್ಮ ಬೀದಿಗೂ ಬೀಸಿದೆ. ಪಕ್ಕದ ಮನೆ ಮೇಷ್ಟ್ರ ಮಗಳು ರಜಕ್ಕೆ ಅಮೆರಿಕದಿಂದ ಬಂದಿದ್ದಳು. ಹುಟ್ಟಿದಾಗಿನಿಂದ ಅಂಬೆಗಾಲಿಟ್ಟ ನೆಲವನ್ನು ಈಗ ಹೊಸದಾಗಿ ಕಂಡವಳು, "ಅಪ್ಪಾ, ಇದು ನ್ಯಾಚುರಲ್ ಸ್ಲೇಟು. ಹಾಳು ಮಾಡ್ಕೋಬೇಡಿ. ಉಜ್ಜಿಸಿ ಸೀಲ್ ಮಾಡಿಸಿ" ಅಂತ ಅಪ್ಪಣೆ ಕೊಟ್ಟು ವಿಮಾನ ಹತ್ತಿದಳು. ಮೇಷ್ಟ್ರು ಕಾಂಪೌಂಡಿನ ಆಚೆಯಿಂದ ನನ್ನನ್ನು ಕರೆದು, "ಅಲ್ಲ ಸ್ವಾಮಿ, ಲಕೋಟೆಗೆ ಸೀಲ್ ಹಾಕೋದು ಗೊತ್ತು, ಮತಪೆಟ್ಟಿಗೆಗೆ ಹಾಕೋದೂ ಗೊತ್ತು. ನೆಲಕ್ಕೆಂಥ ಸೀಲು?" ಅಂದರು. ರಿಟೈರ್ ಆದ ಮೇಷ್ಟ್ರು. ಎಷ್ಟು ಚುನಾವಣೆ ಡ್ಯೂಟಿ ಮಾಡಿದ್ದಾರೋ, ಪಾಪ.

ಸ್ಲೇಟು ಅಂದ ಕೂಡಲೇ ನಮ್ಮ ವಯಸ್ಸಿನವರಿಗೆ ನೆಲ ಎಲ್ಲಿ ನೆನಪಾಗುತ್ತೆ ಹೇಳಿ? ಮರದ ಚೌಕಟ್ಟು, ಮೂಲೆಗೆ ತಗಡಿನ ಪಟ್ಟಿ, ಅದರ ಮೊಳೆ ಎದ್ದು ಅಂಗಿ ಹರಿದದ್ದು, ಇವೇ ಮೊದಲು ಕಣ್ಣ ಮುಂದೆ ಬರೋದು. ಆ ಸ್ಲೇಟಿನ ಕಲ್ಲಿಗೆ ಆಂಧ್ರದ ಮಾರ್ಕಾಪುರ ಹೆಸರುವಾಸಿ. ಅಲ್ಲಿ ನೆಲದಿಂದ ಎಬ್ಬಿಸಿದ ಕಲ್ಲನ್ನು ಪದರ ಪದರವಾಗಿ ಸೀಳಿ, ಎಷ್ಟೋ ಮಕ್ಕಳ ಕೈಗೆ ಅಕ್ಷರ ಕೊಟ್ಟರು. ಎಂಜಲು ಹಚ್ಚಿ ಒರೆಸಿದರೆ ಸರಸ್ವತಿಗೆ ಸಿಟ್ಟು ಬರುತ್ತೆ ಅಂತ ಬೈಸಿಕೊಂಡು, ಬೇಲಿ ಬುಡದಲ್ಲಿ ಬೆಳೆಯೋ ನೀರು ತುಂಬಿದ ದಂಟಿನ ಗಿಡ ಕಿತ್ತುಕೊಂಡು ಶಾಲೆಗೆ ಹೋಗ್ತಿದ್ದೆವು. ಒರೆಸಿ, ಎರಡು ಸಲ ಊದಿ, ಗಾಳಿಯಲ್ಲಿ ಬೀಸಿದರೆ ಸ್ಲೇಟು ಒಣಗಿ ಮತ್ತೆ ಬರೆಯೋಕೆ ತಯಾರು. ಕೊಂಚ ಯೋಚನೆ ಮಾಡಿ, ಅದು ಅಷ್ಟು ಬೇಗ ಒಣಗ್ತಿದ್ದದ್ದು ಯಾಕೆ? ಒಳ್ಳೇ ಸ್ಲೇಟು ನೀರು ಕುಡಿಯೋದೇ ಬಹಳ ಕಮ್ಮಿ. ಜೇಡಿಯ ಕೆಸರು ಭೂಮಿಯೊಳಗೆ ಕಾವಿಗೂ ಒತ್ತಡಕ್ಕೂ ಸಿಕ್ಕಿ ಗಟ್ಟಿಯಾದ ಕಲ್ಲು ಅದು. ಹಾಗಾಗಿಯೇ ಬ್ರಿಟನ್ನಿನ ವೇಲ್ಸಿನವರು ಅದನ್ನು ಮನೆ ಸೂರಿಗೇ ಹೊದಿಸಿದರು. 2021ರಲ್ಲಿ ಯುನೆಸ್ಕೋದವರು ಅಲ್ಲಿನ ಸ್ಲೇಟು ಗಣಿಗಳ ಸೀಮೆಯನ್ನು ವಿಶ್ವ ಪರಂಪರೆ ಪಟ್ಟಿಗೂ ಸೇರಿಸಿದರು. ಬಿಲಿಯರ್ಡ್ಸ್ ಮೇಜಿನ ಹಸಿರು ಬಟ್ಟೆ ಕೆಳಗೆ ಮಲಗಿರೋದೂ ಅದೇ ಕಲ್ಲು. ನಾವು ಅ ಆ ಇ ಈ ತಿದ್ದಿದ ಕಲ್ಲಿನ ಮೇಲೆ ದೊರೆಗಳು ಚೆಂಡು ಉರುಳಿಸ್ತಿದ್ದರು. ಇರಲಿ, ನೆಲಕ್ಕೆ ಬರೋಣ.

ಮೇಷ್ಟ್ರ ಮನೆ ನೆಲ ಕಪ್ಪಗಿದೆ, ಪದರದ ಕಲ್ಲೇ ಹೌದು. ಆದರೆ ಕಪ್ಪಗಿರೋದೆಲ್ಲ ಸ್ಲೇಟು ಅಂದರೆ ಹೇಗೆ? ನಮ್ಮ ಕಡೆ ಅಡುಗೆ ಕಟ್ಟೆಗೂ ಗೂಡಿನ ಹಲಗೆಗೂ ನಡುಮನೆಗೂ ಹಾಕೋದು ಬಹುಪಾಲು ಕಡಪ ಕಲ್ಲು. ಅದು ಸುಣ್ಣಕಲ್ಲಿನ ಜಾತಿ. ಕಲಬುರಗಿ ಸೀಮೆಯ ಶಹಾಬಾದ್ ಕಲ್ಲೂ ಅದೇ ಕುಲ, ಪಕ್ಕದ ತೆಲಂಗಾಣದ ತಾಂಡೂರು ಕಲ್ಲೂ ಅದೇ, ಅಪಾರ್ಟ್‌ಮೆಂಟಿನ ಮೆಟ್ಟಿಲಿಗೆ ರಾಜಸ್ಥಾನದಿಂದ ಬರೋ ಕೋಟಾ ಕಲ್ಲೂ ಅದೇ. ಅಂಗಡಿಯವನಿಗೆ ಇದೆಲ್ಲ ಯಾಕೆ ಬೇಕು? ಕಪ್ಪಗೆ ತೆಳ್ಳಗೆ ಇದ್ದರೆ ಇವತ್ತಿನ ಫ್ಯಾಷನ್ನಿಗೆ ಸ್ಲೇಟು ಅಂದುಬಿಡ್ತಾನೆ. ಗಿರಾಕಿಗೂ ಖುಷಿ, ಬೆಲೆಗೂ ಖುಷಿ.

ಪತ್ತೆ ಹಚ್ಚೋದು ಏನೂ ಕಷ್ಟ ಇಲ್ಲ. ಮಂಚದ ಕೆಳಗೋ ಬೀರುವಿನ ಹಿಂದೋ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಒಂದು ತೊಟ್ಟು ನಿಂಬೆರಸ ಬಿಡಿ. ಕಣ್ಣು ಹತ್ತಿರ ಇಟ್ಟು ನೋಡಿ. ಸಣ್ಣ ಸಣ್ಣ ಗುಳ್ಳೆ ಎದ್ದು, ಒರೆಸಿದ ಮೇಲೆ ಅಲ್ಲೊಂದು ಮಂಕು ಬಿಲ್ಲೆ ಉಳಿದರೆ ಅದು ಸುಣ್ಣಕಲ್ಲು. ಹುಳಿ ತಾಕಿ ಕಲ್ಲು ಕರಗಿ, ಇಂಗಾಲದ ಡೈಆಕ್ಸೈಡ್ ಹೊರಗೆ ಬರ್ತಾ ಇರುತ್ತೆ. ನಿಜವಾದ ಸ್ಲೇಟಾದರೆ ಸಾಮಾನ್ಯವಾಗಿ ಸುಮ್ಮನೆ ಕೂತಿರುತ್ತೆ. ಮೇಷ್ಟ್ರು ಎಪ್ಪತ್ತೈದರ ಆಸುಪಾಸಿನಲ್ಲಿ ಮಂಚದ ಕೆಳಗೆ ನುಸುಳಿ, ಟಾರ್ಚ್ ಹಿಡಿದು, "ಬಂತು, ಬಂತು, ಗುಳ್ಳೆ ಬಂತು!" ಅಂತ ಕೂಗಿದ್ದು ನಮ್ಮ ಅಡುಗೆ ಮನೆಗೂ ಕೇಳಿಸಿತು. ಅವರ ಮನೆಯವರು ಬಾಗಿಲಲ್ಲಿ ನಿಂತು, "ಅರ್ಧ ಹೋಳು ಸಾಕಿತ್ತಪ್ಪ. ಚಿತ್ರಾನ್ನಕ್ಕೆ ಇಟ್ಟಿದ್ದ ಹಣ್ಣು ಪೂರ್ತಿ ಹಿಂಡಿದಾರೆ" ಅಂತ ನನ್ನ ಮನೆಯವಳ ಹತ್ತಿರ ದೂರು ಹೇಳಿದರು.

ಸುಣ್ಣಕಲ್ಲು ಅಂತ ಗೊತ್ತಾದ ಮೇಲೆ ಮೇಷ್ಟ್ರ ಮುಖ ಸ್ವಲ್ಪ ಬಾಡಿತು. ಮಗಳಿಗೆ ಏನು ಹೇಳೋದು ಅನ್ನೋ ಯೋಚನೆ ಇರಬೇಕು. ನಾನಂದೆ, ಸ್ಲೇಟಲ್ಲ ಅಂತ ಕೊರಗೋದು ಯಾಕೆ ಸಾರ್? ಸೇಡಂ ಹತ್ತಿರದ ಮಳಖೇಡಕ್ಕೆ ಹೋಗಿ ನೋಡಿ. ಅದೇ ಮಾನ್ಯಖೇಟ, ನೃಪತುಂಗನ ರಾಜಧಾನಿ. ಕಾಗಿಣಾ ನದಿ ದಂಡೆಯ ಆ ಕೋಟೆ ಕಟ್ಟಿರೋದು ಶಹಾಬಾದ್ ಕಲ್ಲಿನಲ್ಲೇ. ಅಲ್ಲಿಂದ ಭೀಮಾ ನದಿ ಕಡೆಗೆ ಹೋದರೆ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಫಲಕಗಳಿವೆ. ಅಶೋಕನ ಶಿಲ್ಪ, ಅದರ ಜೊತೆಗೆ ಅವನ ಹೆಸರು, ಎರಡನ್ನೂ ಕೆತ್ತಿರೋದು ಸುಣ್ಣಕಲ್ಲಿನ ಮೇಲೆ. ಚಕ್ರವರ್ತಿಗಳಿಗೆ ಸಾಕಾದ ಕಲ್ಲು ನಮ್ಮ ನಿಮ್ಮ ನಡುಮನೆಗೆ ಸಾಲದೇ?

ನಮ್ಮಕ್ಕನನ್ನು ಕೊಟ್ಟಿರೋದು ಕಲಬುರಗಿ ಕಡೆಗೆ. ಬೇಸಿಗೆ ರಜದಲ್ಲಿ ಅಲ್ಲಿಗೆ ಹೋದರೆ ನಲವತ್ತು ಡಿಗ್ರಿ ದಾಟಿದ ಬಿಸಿಲು. ಮಧ್ಯಾಹ್ನ ಊಟ ಆದ ಕೂಡಲೇ ಅಕ್ಕನ ಅತ್ತೆ, "ಫರ್ಸಿ ಮ್ಯಾಲ ನೀರ್ ಹೊಡೀರಿ, ತಂಪ್ ಆಗ್ತದ" ಅನ್ನೋರು. ಒಂದು ಬಿಂದಿಗೆ ನೀರು ಚಿಮುಕಿಸಿ, ಒರೆಸಿ, ಚಾಪೆ ಕೂಡ ಇಲ್ಲದೆ ಬರೀ ಮೈಯಲ್ಲಿ ಬಿದ್ದುಕೊಂಡರೆ ಆ ಸುಖಕ್ಕೆ ಯಾವ ಏಸಿ ಸಮ? ಫರ್ಸಿ ಅಂದರೆ ಈ ಹಾಸುಗಲ್ಲೇ. ಆ ಊರುಗಳಲ್ಲಿ ನೆಲ ಫರ್ಸಿ, ಗೂಡು ಫರ್ಸಿ, ಹಳೇ ಮನೆಗಳ ಮಾಳಿಗೆಗೂ ಫರ್ಸಿ, ಹೊಲದ ಬದುವಿಗೆ ನೆಟ್ಟಗೆ ನಿಲ್ಲಿಸಿರೋದೂ ಫರ್ಸಿ. ಇನ್ನೂ ತಮಾಷೆ ಅಂದರೆ ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಸುಟ್ಟು ಪುಡಿ ಮಾಡೋದೂ ಆ ಸೀಮೆಯ ಸುಣ್ಣಕಲ್ಲನ್ನೇ. ಹಾಸಿದ ಕಲ್ಲು, ಸಂದಿಗೆ ತುಂಬಿದ ಸಿಮೆಂಟು, ಎರಡೂ ಒಂದೇ ತವರಿನವು. ಹೊಂದಿಕೊಂಡು ಹೋಗದೆ ಏನು ಮಾಡ್ತಾವೆ?

ಆದರೆ ಒಂದು ವಿಷಯದಲ್ಲಿ ಈ ಕಲ್ಲು ಬಹಳ ಸೂಕ್ಷ್ಮ. ಹುಳಿ ಕಂಡರೆ ಆಗೋದಿಲ್ಲ. ನಮ್ಮ ಮನೆಗಳಲ್ಲೋ ಹುಳಿಗೇನು ಕೊರತೆ? ಹಬ್ಬದ ಹಿಂದಿನ ದಿನ ಹಿತ್ತಾಳೆ ದೀಪ, ತಟ್ಟೆ, ಪಂಚಪಾತ್ರೆ ಎಲ್ಲ ಹರಡಿಕೊಂಡು, ಹುಣಸೆಹಣ್ಣು ಹಚ್ಚಿ ಗಸಗಸ ತಿಕ್ಕೋದು ಎಲ್ಲಿ? ಅಡುಗೆ ಮನೆ ಕಡಪ ಕಲ್ಲಿನ ಮೇಲೆ. ದೀಪ ಫಳಫಳ ಹೊಳೆಯುತ್ತೆ. ಕೆಳಗಿನ ಕಲ್ಲಿನಲ್ಲಿ ದೀಪದ ತಳದಷ್ಟೇ ದುಂಡಗೆ ಬೂದು ಬಣ್ಣದ ಗುರುತು ಕೂತಿರುತ್ತೆ. ಅದನ್ನು ಕಲೆ ಅಂದುಕೊಂಡು ಇನ್ನಷ್ಟು ನಿಂಬೆಸಿಪ್ಪೆ ಹಾಕಿ ಉಜ್ಜೋರಿದ್ದಾರೆ. ಅದು ಮೇಲೆ ಕೂತ ಕಲೆಯಾಗಿದ್ದರೆ ಉಜ್ಜಿದಾಗ ಹೋಗ್ತಿತ್ತು. ಅಲ್ಲಿ ಕಲ್ಲೇ ಒಂದಿಷ್ಟು ಕರಗಿ ಮೈ ಒರಟಾಗಿದೆ. ಇನ್ನೂ ಹುಳಿ ಹಾಕಿದರೆ ಇನ್ನೂ ಕರಗುತ್ತೆ. ಅದಕ್ಕೆ ಮದ್ದು ಅಂದರೆ ಆ ಜಾಗವನ್ನು ಮತ್ತೆ ಪಾಲಿಶ್ ಮಾಡೋದು, ಇಲ್ಲವೇ ಹಬ್ಬದ ನೆನಪು ಅಂತ ಇಟ್ಟುಕೊಳ್ಳೋದು.

ದೊಡ್ಡ ಅನಾಹುತ ಮಾಡೋದು ಇದಲ್ಲ ಬಿಡಿ. ಹೊಸದಾಗಿ ಕಲ್ಲು ಹಾಸಿದ ಮೇಲೆ ಅಲ್ಲಲ್ಲಿ ಸಿಮೆಂಟು ಮೆತ್ತಿರುತ್ತಲ್ಲ, ಅದನ್ನು ತೆಗೆಯೋಕೆ ಮೇಸ್ತ್ರಿ ಒಂದು ಬಾಟಲಿ ಆಸಿಡ್ ತರಿಸ್ತಾನೆ. "ಒಂದ್ಸಲ ಆಸಿಡ್ ಹೊಡೆದ್ರೆ ಕ್ಲೀನಾಗ್ಬಿಡ್ತದೆ ಸಾರ್" ಅಂತಾನೆ. ಹೌದು, ಸಿಮೆಂಟು ಹೋಗುತ್ತೆ, ಜೊತೆಗೆ ಕಲ್ಲಿನ ಹೊಳಪೂ ಹೋಗುತ್ತೆ. ಬಚ್ಚಲು ತೊಳೆಯೋ ನೀಲಿ ಬಾಟಲಿಯೊಳಗೂ ಹೆಚ್ಚಾಗಿ ಇರೋದು ಹೈಡ್ರೋಕ್ಲೋರಿಕ್ ಆಮ್ಲವೇ. ಸುಣ್ಣಕಲ್ಲಿನ ಮೇಲೆ ಬಿದ್ದರೆ ಬುಸ್ ಅಂತ ನೊರೆ ಎದ್ದು, ನೋಡೋಕೆ ಏನೋ ಭಾರಿ ಕೊಳೆ ಹೋಗ್ತಿದೆ ಅನ್ನೋ ಸಮಾಧಾನ ಆಗುತ್ತೆ. ನಿಜವಾಗಿ ಮನೆ ನೆಲವೇ ಮೋರಿ ಸೇರ್ತಾ ಇರುತ್ತೆ.

ಅರಿಶಿನದ ವಿಷಯ ಬೇರೆ. ಮೇಷ್ಟ್ರ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬದ ದಿನ ಬಟ್ಟಲು ಮಗುಚಿ ಹಳದಿ ಕಲೆ ಆಯಿತು. ಕೆಲಸದವಳು ಸೋಪಿನ ಪುಡಿ ಹಾಕಿ ತಿಕ್ಕಿದ್ದೇ ತಡ, ಹಳದಿ ಹೋಗಿ ಕೆಂಪಗಾಯಿತು! ಅವಳು ಹೆದರಿ ದೇವರ ಮನೆ ಕಡೆ ಕೈ ಮುಗಿದಳು. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚೂರು ಸುಣ್ಣ ಸೇರಿಸಿದರೆ ಕೆಂಪಾಗೋದಿಲ್ಲವೇ, ಇದೂ ಅದೇ ಲೆಕ್ಕ. ಸೋಪಿನ ಪುಡಿ ಕ್ಷಾರ, ಅರಿಶಿನ ಕ್ಷಾರ ಕಂಡರೆ ಕೆಂಪಾಗುತ್ತೆ. ಚೆನ್ನಾಗಿ ನೀರು ಹಾಕಿ ತೊಳೆದು, ಕಿಟಕಿ ಬಿಸಿಲು ಆ ಜಾಗಕ್ಕೆ ಬೀಳೋ ಹಾಗೆ ಪರದೆ ಸರಿಸಿ ಅಂದೆ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲೋದಿಲ್ಲ, ತಾನೇ ಮಾಸುತ್ತೆ. ಎಣ್ಣೆ ಕಲೆಗೆ ಮಾತ್ರ ಬಿಸಿಲು ಕೆಲಸಕ್ಕೆ ಬಾರದು. ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲೆ ಮೇಲೆ ಮೆತ್ತಿ, ಪ್ಲಾಸ್ಟಿಕ್ ಹೊದಿಸಿ ರಾತ್ರಿ ಬಿಡಬೇಕು. ಆಮೇಲೆ ಪ್ಲಾಸ್ಟಿಕ್ ತೆಗೆದು ಪೂರ್ತಿ ಒಣಗೋಕೆ ಬಿಟ್ಟರೆ ಕಲ್ಲು ಕುಡಿದ ಎಣ್ಣೆಯನ್ನು ಅದು ಮೇಲಕ್ಕೆ ಎಳಕೊಳ್ಳುತ್ತೆ. ಹಳೇ ಕಲೆಗೆ ಮತ್ತೆ ಮತ್ತೆ ಮಾಡಬೇಕಾಗುತ್ತೆ, ಅಷ್ಟೇ.

ಇನ್ನು ಹೊಳಪು. ಈ ಕಲ್ಲಿನ ಹೊಳಪು ಕದಿಯೋ ಕಳ್ಳ ಯಾರು ಗೊತ್ತಾ? ಚಪ್ಪಲಿಗೆ ಅಂಟಿ ಬರೋ ಮರಳು. ಗಡಸುತನ ಅಳೆಯೋ ಮೋಸ್ ಮಾಪನದಲ್ಲಿ ಸುಣ್ಣಕಲ್ಲಿನ ಕ್ಯಾಲ್ಸೈಟಿಗೆ 3, ಮರಳಿನ ಸ್ಫಟಿಕಕ್ಕೆ 7. ಬೀದಿ ಮರಳು ಕಾಲಡಿ ಸಿಕ್ಕಿ ದಿನವೂ ಗೀರು ಎಳೆಯುತ್ತೆ. ಬಾಗಿಲಾಚೆ ಚಪ್ಪಲಿ ಬಿಡಿ ಅನ್ನುತ್ತಿದ್ದ ಅಜ್ಜಿ ಮಡಿಗೆ ಹೇಳಿದರೋ ನೆಲಕ್ಕೆ ಹೇಳಿದರೋ, ಲಾಭ ಮಾತ್ರ ಎರಡಕ್ಕೂ ಆಯಿತು. ಒರೆಸೋ ಮೊದಲು ಗುಡಿಸಬೇಕು ಅನ್ನೋದೂ ಇದಕ್ಕೇ. ಗುಡಿಸದೆ ಒದ್ದೆ ಬಟ್ಟೆ ಎಳೆದರೆ ಉಪ್ಪುಕಾಗದ ಉಜ್ಜಿದಂತೆಯೇ ಸರಿ.

ಹೊಳಪು ಪೂರ್ತಿ ಹೋಗಿದ್ದರೆ ಪಾಲಿಶ್ ಮೆಷಿನ್ ಕರೆಸಬೇಕು. ಆ ಮೆಷಿನ್ನು ಬಂದ ದಿನ ಮೇಷ್ಟ್ರ ಮನೆಯ ವೈಭವ ನೋಡಬೇಕಿತ್ತು. ಸೋಫಾ ವರಾಂಡದಲ್ಲಿ, ಟೀವಿ ನಮ್ಮ ಮನೆಯಲ್ಲಿ, ಮೇಷ್ಟ್ರು ಗೇಟಿನಲ್ಲಿ. ಒಳಗೆ ನೀರು ಹಾಕಿ ಹಾಕಿ ಉಜ್ಜೋ ಗುಡುಗು. ಮೊದಲು ಒರಟು ಕಲ್ಲು, ಆಮೇಲೆ ನಂಬರು ಏರಿದ ಹಾಗೆ ನಯದ ಕಲ್ಲು. ಒಂದು ನಂಬರು ಹಾರಿಸಿದರೂ ಹಿಂದಿನ ಗೀರು ಉಳಿದುಬಿಡುತ್ತೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಆ ಗೀರುಗಳು ಸುರುಳಿ ಸುರುಳಿಯಾಗಿ ಕಾಣಿಸ್ತಾವೆ. ದುಡ್ಡು ಕೊಡೋದಕ್ಕೆ ಮುಂಚೆ ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಬೆಳಕಿನಲ್ಲಿ ಬಗ್ಗಿ ನೋಡಬೇಕಾದ್ದು ಅದಕ್ಕೇ. ಬೂದು ಕೆಸರನ್ನು ಮೋರಿಗೆ ಬಿಡೋಕೆ ಹೊರಟಿದ್ದ ಹುಡುಗನನ್ನು ಮೇಷ್ಟ್ರ ಮನೆಯವರು ತಡೆದದ್ದು ಒಳ್ಳೇದಾಯಿತು. ಅದು ಪೈಪಿನೊಳಗೆ ಕೂತು ಗಟ್ಟಿಯಾದರೆ ಇನ್ನೊಂದು ಕಥೆ. ಬಚ್ಚಲಿಗೂ ಹೊಳಪು ಕೊಡ್ಲಾ ಅಂತ ಅವನು ಕೇಳಿದ್ದಕ್ಕೆ ಅವರೇ, "ಬೇಡಪ್ಪ, ಇವರು ಜಾರಿದ್ರೆ ಎತ್ತೋರು ಯಾರು?" ಅಂದರು. ಅನುಭವದ ಮಾತು.

ಇನ್ನು ಮೇಷ್ಟ್ರು ಕೇಳಿದ ಸೀಲಿನ ವಿಷಯ. ಹಿಂದೆ ಸೀಲರ್ ಎಲ್ಲಿತ್ತು? ಎಣ್ಣೆ ಇತ್ತು. ಒರೆಸೋ ನೀರಿಗೆ ನಾಲ್ಕು ಹನಿ ಸೀಮೆಎಣ್ಣೆ ಬಿಡೋರು, ತೆಂಗಿನೆಣ್ಣೆ ಉಜ್ಜೋರು. ತೆಂಗಿನೆಣ್ಣೆ ಒಣಗೋ ಜಾತಿಯಲ್ಲ. ಅಂಟಂಟಾಗಿ ಕೂತು ಬೀದಿ ಧೂಳೆಲ್ಲ ಹಿಡಿಯುತ್ತೆ. ಅಗಸೆ ಎಣ್ಣೆ ಒಣಗಿ ಪೊರೆ ಕಟ್ಟುತ್ತೆ, ಕಲ್ಲಿಗೆ ಒಳ್ಳೇ ಕಪ್ಪು ಕೊಡುತ್ತೆ. ಅದನ್ನೂ ದಪ್ಪ ಹಚ್ಚಿದರೆ ಜಿಗುಟು. ಅಗಸೆ ಅಂದಾಗ ನೆನಪಾಯ್ತು, ಅಕ್ಕನ ಮನೆಯ ಅಗಸಿ ಹಿಂಡಿ, ಬಿಸಿ ಜೋಳದ ರೊಟ್ಟಿ, ಮೇಲೊಂದಿಷ್ಟು ಮೊಸರು... ಆ ಎಣ್ಣೆಯನ್ನು ನೆಲಕ್ಕೆ ಹಚ್ಚೋ ಮನಸ್ಸು ಹೇಗೆ ಬರುತ್ತೋ! ಹಚ್ಚಿದರೂ ಒಂದು ಜೋಪಾನ ಇರಲಿ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಣಗ್ತಾ ಒಣಗ್ತಾ ಕಾವೇರಿ, ಬೆಂಕಿಕಡ್ಡಿ ಇಲ್ಲದೇ ಹೊತ್ತಿಕೊಳ್ಳೋದುಂಟು. ಬಿಡಿಸಿ ಹಗ್ಗದ ಮೇಲೆ ಒಣಹಾಕಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು.

ಈಗಿನ ಸೀಲರಿನಲ್ಲಿ ಎರಡು ಬಗೆ. ಒಂದು ಕಲ್ಲಿನೊಳಗೆ ಇಳಿಯೋದು, ಇನ್ನೊಂದು ಮೇಲೆ ಪೊರೆಯಾಗಿ ನಿಲ್ಲೋದು. ಪೊರೆಯದ್ದು ಹಚ್ಚಿದ ದಿನ ಮದುವಣಗಿತ್ತಿ ಕಳೆ. ಆಮೇಲೆ ಓಡಾಡೋ ದಾರಿಯಲ್ಲಿ ಸವೆದು, ಗೋಡೆ ಪಕ್ಕ ಮಾತ್ರ ಮಿಂಚುತ್ತಾ ಉಳಿಯುತ್ತೆ. ಮತ್ತೆ ಹಚ್ಚಬೇಕಾದರೆ ಹಳೇದನ್ನೆಲ್ಲ ಕೆರೆದು ತೆಗೆಯಬೇಕು. ಒಳಗಿಳಿಯೋದು ಕಣ್ಣಿಗೆ ಅಷ್ಟಾಗಿ ಕಾಣಿಸೋದಿಲ್ಲ. ದುಡ್ಡು ಕೊಟ್ಟವರಿಗೆ ಅದೇ ಬೇಜಾರು. ಅದರ ಕೆಲಸ ಇಷ್ಟೇ: ಸಾರೋ ಎಣ್ಣೆಯೋ ಚೆಲ್ಲಿದಾಗ ಕಲ್ಲು ಅದನ್ನು ಕುಡಿಯೋದಕ್ಕೆ ಮುಂಚೆ ನೀವು ಬಟ್ಟೆ ಹುಡುಕಿಕೊಂಡು ಬರೋದಕ್ಕೆ ಸಮಯ ಕೊಡುತ್ತೆ. ನಿಂಬೆಹಣ್ಣಿನಿಂದ ಅದು ಕಾಪಾಡೋದಿಲ್ಲ, ಮರಳಿನ ಗೀರಿನಿಂದಲೂ ಇಲ್ಲ.

ಸೀಲರ್ ಬೇಕೋ ಬೇಡವೋ ಅಂತ ಕಲ್ಲನ್ನೇ ಕೇಳಬಹುದು. ನಾಲ್ಕು ಹನಿ ನೀರು ಬಿಟ್ಟು ಕಾಫಿ ಕುಡಿದು ಬನ್ನಿ. ಹನಿ ಮುತ್ತಾಗಿಯೇ ನಿಂತಿದ್ದರೆ ಸದ್ಯಕ್ಕೆ ಬೇಡ. ಹನಿ ಇಂಗಿ ಕಲ್ಲು ಕಪ್ಪಾಗಿದ್ದರೆ ಹಚ್ಚಬಹುದು. ಅದಕ್ಕೂ ಮುಂಚೆ ನೆಲದಡಿ ತೇವ ಇದೆಯಾ ನೋಡಿ. ಹಳೇ ಮನೆಗಳಲ್ಲಿ ಭೂಮಿಯ ನೀರು ಮೇಲೇರುತ್ತೆ. ಸಂದಿನಲ್ಲಿ ಬಿಳೀ ಉಪ್ಪು ಹೂ ಬಿಟ್ಟಿರೋದನ್ನು ಕಂಡೇ ಇರ್ತೀರಿ. ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ. ಮಾರನೇ ದಿನ ಅದರ ಕೆಳಗೆ ಬೆವರಿದ್ದರೆ ಕೆಲಸ ಮುಂದೂಡಿ. ತೇವದ ಮೇಲೆ ಪೊರೆ ಎಳೆದರೆ ಒಳಗಿನ ನೀರು ಮಂಜಾಗಿ ಬೆಳ್ಳಗೆ ಕಾಣುತ್ತೆ. ಶ್ರಾವಣದಲ್ಲಿ ಮುಹೂರ್ತ ಇಟ್ಟುಕೊಂಡವರು ಮಾಘದ ತನಕ ಕಾದರೆ ನಷ್ಟ ಏನಿಲ್ಲ. ಹಚ್ಚುವಾಗಲೂ ತೆಳ್ಳಗೆ ಹಚ್ಚಿ, ಡಬ್ಬದ ಮೇಲೆ ಬರೆದಷ್ಟು ನಿಮಿಷ ಬಿಟ್ಟು, ಕಲ್ಲು ಕುಡಿಯದೆ ಬಿಟ್ಟದ್ದನ್ನು ಒಣಬಟ್ಟೆಯಲ್ಲಿ ಒರೆಸಿಬಿಡಬೇಕು. ದುಡ್ಡು ಕೊಟ್ಟಿದ್ದೀವಿ ಅಂತ ಮಿಕ್ಕಿದ್ದನ್ನು ಅಲ್ಲೇ ಒಣಗೋಕೆ ಬಿಟ್ಟರೆ ನೆಲವೆಲ್ಲ ಪಟ್ಟೆ ಪಟ್ಟೆ.

ನಿಮ್ಮದು ನಿಜವಾಗಿಯೂ ಸ್ಲೇಟೇ ಆಗಿದ್ದರೆ? ಹುಳಿಯ ಭಯ ಕಮ್ಮಿ, ಬೇರೆ ತಾಪತ್ರಯ ಇದೆ. ಅಂಚಿನಲ್ಲಿ ಪದರ ಏಳುತ್ತೆ. ಎದ್ದದ್ದನ್ನು ಉಗುರಿನಿಂದ ಮೀಟಿ ನೋಡೋ ಚಪಲ ಎಲ್ಲರಿಗೂ ಉಂಟು. ಸಡಿಲವಾಗಿರೋದನ್ನು ಮಾತ್ರ ತೆಗೆದು, ಬ್ರಷ್ ಹಾಕಿ, ಧೂಳು ಹೋದ ಮೇಲೆ ಸೀಲರ್ ಹಚ್ಚಬೇಕು. ಕೆಲವು ಸ್ಲೇಟಿನಲ್ಲಿ ಚಿನ್ನದ ಬಣ್ಣದ ಸಣ್ಣ ಚುಕ್ಕೆ ಇರುತ್ತೆ. ಕೊಳ್ಳುವಾಗ ಅದು ನೋಡೋಕೆ ಚಂದ. ಅದು ಕಬ್ಬಿಣದ ಪೈರೈಟು. ನೀರು ಗಾಳಿ ತಾಕ್ತಾ ತಾಕ್ತಾ ತುಕ್ಕು ಹಿಡಿದು ಕಂದು ಕಣ್ಣೀರು ಸುರಿಸುತ್ತೆ. ಒದ್ದೆ ಜಾಗಕ್ಕೆ ಅಂಥದ್ದು ಹಾಕಬೇಡಿ.

ಮೇಷ್ಟ್ರು ಕೊನೆಗೆ ನಡುಮನೆಗೂ ಊಟದ ಜಾಗಕ್ಕೂ ಒಳಗಿಳಿಯೋ ಸೀಲರ್ ಹಚ್ಚಿಸಿದರು, ಮಲಗೋ ಕೋಣೆಯನ್ನು ಹಾಗೇ ಬಿಟ್ಟರು. ಮಗಳಿಗೆ ಫೋನಿನಲ್ಲಿ, "ಸ್ಲೇಟಲ್ಲಮ್ಮ, ನೃಪತುಂಗನ ಕೋಟೆ ಕಲ್ಲಿನ ಜಾತಿ" ಅಂತ ಹೆಮ್ಮೆಯಿಂದ ಹೇಳಿದ್ದು ಕಾಂಪೌಂಡ್ ದಾಟಿ ಕೇಳಿಸಿತು.

ನನ್ನ ಮಾತು ಇಷ್ಟೇ. ಡಬ್ಬ ಕೊಳ್ಳೋ ಮೊದಲು ಯಾವ ಕಲ್ಲು ಅಂತ ತಿಳಕೊಳ್ಳಿ. ದಿನಾ ಗುಡಿಸಿ, ಬರೀ ನೀರಿನಲ್ಲೋ ಕ್ಷಾರವೂ ಹುಳಿಯೂ ಇಲ್ಲದ ಸೌಮ್ಯ ಸೋಪಿನಲ್ಲೋ ಒರೆಸಿ. ಆಸಿಡ್ ಬಾಟಲಿಯನ್ನು ನೆಲದ ಹತ್ತಿರ ತರಬೇಡಿ. ಇಷ್ಟು ಮಾಡಿದ ಮೇಲೂ ಸೀಲರ್ ಬೇಕು ಅನ್ನಿಸಿದರೆ ಹಚ್ಚಿಸಿ, ಬೇಡ ಅನ್ನೋಕೆ ನಾನ್ಯಾರು? ಬಹಳಷ್ಟು ಮನೆಗಳಲ್ಲಿ ಅಷ್ಟರ ಹೊತ್ತಿಗೆ ಆ ಖರ್ಚು ಬೇಕೇ ಆಗಿರೋದಿಲ್ಲ.